ಒಂದೇ ಉಸಿರಿನ ಕ್ರೀಡೆ: ಗುರಿ ಬದಲಾದ ಬಗೆ

ಫ್ರೀಡೈವಿಂಗ್ ಎಂದರೆ ಉಸಿರು ಬಿಗಿಹಿಡಿದು ಆದಷ್ಟೂ ಆಳಕ್ಕೆ ಇಳಿಯುವುದು, ಅದಕ್ಕೆ ಗಟ್ಟಿ ಗುಂಡಿಗೆಯೂ ಒಂದಿಷ್ಟು ಪ್ರಾಣಾಯಾಮವೂ ಇದ್ದರೆ ಸಾಕು ಎಂಬ ತಿಳಿವಳಿಕೆ ಮೊಬೈಲಿನ ವಿಡಿಯೊಗಳ ಜೊತೆಗೆ ಒಳನಾಡಿಗೂ ಬಂದಿದೆ. ದುದ್ದದ ಕಡೆಯ ತೋಟದ ಬಾವಿಯಿರಲಿ, ಗೊರೂರಿನ ಹೇಮಾವತಿ ಹಿನ್ನೀರಿರಲಿ, ಎರಡಾಳು ನೀರು ಕಂಡಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂಬ ಪಂದ್ಯ ಹುಡುಗರಿಗೆ ಹೊಸದಲ್ಲ. ಅದಕ್ಕೀಗ ಕ್ರೀಡೆಯ ಹೆಸರೂ ಸೇರಿಕೊಳ್ಳುತ್ತಿದೆ. ಆದರೆ ಈ ಕ್ರೀಡೆ ಬೆಳೆದು ಬಂದದ್ದು ತದ್ವಿರುದ್ಧ ದಿಕ್ಕಿನಲ್ಲಿ. ಆಳದ ಹುಚ್ಚಿನಿಂದ ಶುರುವಾದದ್ದು, ಎಷ್ಟು ಇಳಿಯುತ್ತೇನೆಂದು ಮೊದಲೇ ಹೇಳಿ, ಅಷ್ಟಕ್ಕೇ ಹೋಗಿ, ಪೂರ್ತಿ ಎಚ್ಚರದಲ್ಲಿ ಮರಳುವ ಶಿಸ್ತಾಗಿ ಮಾಗಿತು.

ಹೊಟ್ಟೆಪಾಡಿಗೆ ಮುಳುಗಿದವರು ಕ್ರೀಡೆಗಿಂತ ಬಹಳ ಹಿಂದಿನವರು: ಮನ್ನಾರ್ ಕೊಲ್ಲಿಯಲ್ಲಿ ಮುತ್ತು ಹೆಕ್ಕಿದವರು, ಜಪಾನಿನ ಅಮಾ, ಕೊರಿಯಾದ ಜೆಜು ದ್ವೀಪದ ಹೆನ್ಯೊ ಹೆಂಗಸರು. ದಾಖಲೆಯ ಚರಿತ್ರೆಯನ್ನು ಸಾಮಾನ್ಯವಾಗಿ 1949ರಿಂದ ಹೇಳುತ್ತಾರೆ. ಆ ವರ್ಷ ಇಟಲಿಯ ರೈಮೊಂಡೊ ಬುಕರ್ 30 ಮೀಟರಿಗೆ ಇಳಿದು ಬಂದ. ಅಲ್ಲಿ ಶ್ವಾಸಕೋಶದ ಗಾಳಿ ಕಾಲು ಭಾಗಕ್ಕೆ ಕುಗ್ಗುವುದರಿಂದ ಎದೆಗೂಡು ನಜ್ಜುಗುಜ್ಜಾದೀತೆಂದು ಬಲ್ಲವರೇ ಹೆದರಿದ್ದರು. ಒತ್ತಡ ಹೆಚ್ಚಿದಂತೆ ರಕ್ತ ಎದೆಯೊಳಕ್ಕೆ ಸರಿದು ಜಾಗ ತುಂಬುತ್ತದೆ ಎಂಬುದು ಆಮೇಲೆ ಗೊತ್ತಾಯಿತು. 1976ರಲ್ಲಿ ಜಾಕ್ ಮಯೋಲ್ 100 ಮೀಟರ್ ಮುಟ್ಟಿದ. 2007ರಲ್ಲಿ ಹರ್ಬರ್ಟ್ ನಿಚ್ 214 ಮೀಟರ್. ಇವರಿಬ್ಬರೂ ಇಳಿದದ್ದು ಭಾರದ ಬಂಡಿ ಹಿಡಿದು, ಏರಿದ್ದು ಗಾಳಿ ತುಂಬಿದ ಚೀಲದ ನೆರವಿನಿಂದ. ಸಾಹಸ ದೊಡ್ಡದೇ, ಆದರೆ ಅಲ್ಲಿ ಈಜು ಎಷ್ಟಿತ್ತು? ಈ ಬಂಡಿಯ ಹಾದಿಯಲ್ಲೇ 2002ರಲ್ಲಿ ಆಡ್ರಿ ಮೆಸ್ಟ್ರೆ, 2007ರಲ್ಲಿ ಲೊಯಿಕ್ ಲೆಫರ್ಮ್ ಪ್ರಾಣ ಬಿಟ್ಟರು. 2012ರ ಪ್ರಯತ್ನದಲ್ಲಿ ನಿಚ್‌ನ ಮಿದುಳಿಗೇ ಪೆಟ್ಟಾಯಿತು.

ನಿಜವಾದ ತಿರುವು ಬಂದದ್ದು 1992ರಲ್ಲಿ ಹುಟ್ಟಿದ ಐಡಾ ಸಂಸ್ಥೆಯ ಸ್ಪರ್ಧಾ ನಿಯಮಗಳಿಂದ. ಸ್ಪರ್ಧಿ ಹಿಂದಿನ ದಿನವೇ ತನ್ನ ಆಳ ಘೋಷಿಸಬೇಕು. ಹಗ್ಗ ಅಷ್ಟಕ್ಕೇ ಇಳಿಯುತ್ತದೆ; ತುದಿಯ ಚೀಟಿ ತರದಿದ್ದರೆ ಅಂಕ ಕಡಿತ. ಮೇಲೆ ಬಂದ 15 ಸೆಕೆಂಡಿನೊಳಗೆ ಮುಖವಾಡ ತೆಗೆದು, ಕೈಸನ್ನೆ ಮಾಡಿ, ಚೆನ್ನಾಗಿದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಪ್ರಜ್ಞೆ ತಪ್ಪಿದರೆ ಕೆಂಪು ಕಾರ್ಡು, ಎಷ್ಟು ಆಳ ಮುಟ್ಟಿದ್ದರೂ ಸರಿ. ತನ್ನ ಶಕ್ತಿಯನ್ನು ಸರಿಯಾಗಿ ಅಂದಾಜು ಮಾಡುವುದೇ ಇಲ್ಲಿ ಪರೀಕ್ಷೆಗೊಳಗಾಗುವ ವಿದ್ಯೆ. ನನ್ನ ತಲೆಮಾರಿನವರು ಈ ನಿಯಮವನ್ನೇ ಕ್ರೀಡೆಯ ಹೃದಯವೆಂದು ತಿಳಿದವರು. ಅದರ ಅತ್ಯುತ್ತಮ ಉದಾಹರಣೆ ರಷ್ಯಾದ ನಟಾಲಿಯಾ ಮೊಲ್ಚನೋವಾ. ನಲವತ್ತರ ಆಸುಪಾಸಿನಲ್ಲಿ ಈ ಕ್ರೀಡೆಗೆ ಬಂದಾಕೆ, 2009ರಲ್ಲಿ ಬಂಡಿಯಿಲ್ಲದೆ ತಾನೇ ಈಜಿ ನೂರು ಮೀಟರ್ ದಾಟಿದ ಮೊದಲ ಹೆಂಗಸಾದರು. 2013ರಲ್ಲಿ ಕೊಳದಲ್ಲಿ ಅಲುಗಾಡದೆ 9 ನಿಮಿಷ 2 ಸೆಕೆಂಡ್ ಉಸಿರು ಹಿಡಿದರು. ಮನಸ್ಸಿನ ಒತ್ತಡ ಸಡಿಲಿಸುವುದನ್ನು ಹಂತಹಂತವಾದ ಪಾಠವಾಗಿಸಿ ಕಲಿಸಿದರು. ಅಂಥವರೂ 2015ರಲ್ಲಿ ಸ್ಪೇನಿನ ಫಾರ್ಮೆಂಟೆರಾ ಬಳಿ, ಸ್ಪರ್ಧೆಯ ಕಾವಲಿಲ್ಲದ ಒಂದು ಮುಳುಗಿನಲ್ಲಿ ಕಾಣೆಯಾದರು. ನಿಯಮವನ್ನು ಪುಕ್ಕಲುತನವೆನ್ನುವವರು ಈ ಸಾವನ್ನು ನೆನೆಯಬೇಕು.

ಪ್ರಾಣಾಯಾಮ ಬಲ್ಲವರಿಗೆ ಬೇರೆ ತರಬೇತಿ ಯಾಕೆ ಎಂಬ ಆಕ್ಷೇಪವಿದೆ. ಮಯೋಲ್ ಕೂಡ ಯೋಗ ಕಲಿತವನೇ. ಉಸಿರನ್ನು ನಿಧಾನಗೊಳಿಸುವ ಅಭ್ಯಾಸದಿಂದ ಲಾಭವಿದೆ. ಆದರೆ ಚಾಪೆಯ ಮೇಲೆ ಪ್ರಜ್ಞೆ ತಪ್ಪಿದವನು ತಾನಾಗಿ ಉಸಿರೆಳೆದುಕೊಳ್ಳುತ್ತಾನೆ, ನೀರಿನಲ್ಲಿ ತಪ್ಪಿದವನು ನೀರನ್ನೇ ಎಳೆದುಕೊಳ್ಳುತ್ತಾನೆ. ಉಸಿರಾಡಬೇಕೆಂಬ ತವಕ ಹುಟ್ಟುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ. ಬಿರುಸಾಗಿ ಉಸಿರಾಡಿ ಮುಳುಗಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಡೈಆಕ್ಸೈಡ್ ಇಳಿದು ದೇಹ ಕೊಡುವ ಎಚ್ಚರಿಕೆ ಮಾತ್ರ ತಡವಾಗುತ್ತದೆ. ಮೇಲೇರುವಾಗ ನೀರಿನ ಒತ್ತಡ ತಗ್ಗಿ ಆಮ್ಲಜನಕದ ಒತ್ತಡವೂ ಕುಸಿಯುವುದರಿಂದ ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಮೇಲ್ಮೈಗೆ ಹತ್ತಿರದಲ್ಲೇ. ಅಷ್ಟು ಚೆನ್ನಾಗಿ ಈಜುತ್ತಿದ್ದವನು ಮುಳುಗಿದ್ದು ಹೇಗೆ ಎಂದು ಕೆರೆ ಏರಿಯ ಮೇಲೆ ನಿಂತವರು ಕೇಳುವ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಲ್ಲಿರಬಹುದು.

ಹಾಗಾಗಿ ಸ್ವಂತ ಗುರಿಯನ್ನು ಮೀಟರಿನಲ್ಲಿ ಇಟ್ಟುಕೊಳ್ಳುವುದು ತಪ್ಪು ಆರಂಭ. ನೆಲದ ಮೇಲೆ ಮಲಗಿ, ಉಸಿರು ಹಿಡಿಯುವ ಹೊತ್ತನ್ನು ಹಾಗೇ ಇಟ್ಟು ನಡುವಿನ ವಿಶ್ರಾಂತಿಯನ್ನು ಕಡಿಮೆ ಮಾಡುತ್ತ ಹೋಗುವ ಕ್ರಮ ಮೊದಲು. ಕಿವಿಯ ಒತ್ತಡ ಸರಿದೂಗಿಸುವುದು ಆಮೇಲೆ. ಒಬ್ಬ ಕೆಳಗಿದ್ದಾಗ ಇನ್ನೊಬ್ಬ ಮೇಲಿರುವುದು, ಅವನು ಬಂದ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯದಿರುವುದು ಎಲ್ಲ ಹಂತಕ್ಕೂ ಕಡ್ಡಾಯ. ನಿನ್ನೆ ಹೇಳಿದಷ್ಟನ್ನೇ ಇಂದು ಸಲೀಸಾಗಿ ಮಾಡಿದರೆ ಮಾತ್ರ ನಾಳೆಗೆ ಒಂದಿಷ್ಟು ಸೇರಿಸಬಹುದು.

ಕಡಲಿಲ್ಲದ ಹಾಸನ ಸೀಮೆಗೆ ಇದೆಲ್ಲ ಯಾಕೆ ಎನ್ನಬಹುದು. ಮುರ್ಡೇಶ್ವರದ ಎದುರಿನ ನೇತ್ರಾಣಿ ಹೆಸರಾದದ್ದು ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾದಿಂದ. ಮುಳುಗು ತಜ್ಞ ಎಂಬ ಮಾತು ನಮಗೆ ನೆನಪಾಗುವುದು 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಗಂಗಾವಳಿಯಲ್ಲಿ ಈಶ್ವರ ಮಲ್ಪೆಯಂಥವರು ಶೋಧಕ್ಕಿಳಿದಾಗ, ಅಂದರೆ ಅನಾಹುತವಾದ ಮೇಲೆ. ಆದರೆ ಅಲುಗಾಡದೆ ಉಸಿರು ಹಿಡಿಯುವ ಸ್ಟಾಟಿಕ್, ನೀರೊಳಗೆ ಉದ್ದಕ್ಕೆ ಈಜುವ ಡೈನಾಮಿಕ್, ಇವೆರಡಕ್ಕೂ ಕಡಲು ಬೇಡ, ಕೊಳ ಸಾಕು. ಜಿಲ್ಲಾ ಕೇಂದ್ರದ ಈಜುಕೊಳದ ಒಬ್ಬ ತರಬೇತುದಾರ ಪ್ರಜ್ಞೆ ತಪ್ಪಿದವನನ್ನು ಮೇಲೆತ್ತಿ ಬಾಯಿ ನೀರಿನ ಮೇಲಿಟ್ಟು ಉಸಿರು ಮರಳಿಸುವುದನ್ನು ಕಲಿತರೂ, ಚನ್ನರಾಯಪಟ್ಟಣದಿಂದಲೋ ಹೊಳೆನರಸೀಪುರದಿಂದಲೋ ಬರುವ ಹುಡುಗರಿಗೆ ಮೊದಲ ಪಾಠವಾಗಿ ಅದನ್ನೇ ಹೇಳಿಕೊಡಬಹುದು.