ಯುದ್ಧ ಹೂಡುವ ಅಧಿಕಾರ ಯಾರದು?

ಬೆಳ್ತಂಗಡಿಯ ದಾರಿಯಲ್ಲಿ ಸಾಗುವವರಿಗೆ ಗಡಾಯಿಕಲ್ಲು ದೂರದಿಂದಲೇ ಕಾಣಿಸುತ್ತದೆ. 1794ರಲ್ಲಿ ಟಿಪ್ಪು ಸುಲ್ತಾನನು ಆ ಬಂಡೆಯ ಮೇಲೆ ಕೋಟೆ ಕಟ್ಟಿಸಿ, ತನ್ನ ತಾಯಿಯ ನೆನಪಿನಲ್ಲಿ ಜಮಾಲಾಬಾದ್ ಎಂದು ಹೆಸರಿಟ್ಟನು. ಕೋಟೆಗಳನ್ನು ಕಂಡಾಗ ನಾವು ಶೌರ್ಯವನ್ನು ನೆನೆಯುತ್ತೇವೆ. ಆ ಯುದ್ಧಗಳನ್ನು ನಿರ್ಧರಿಸಿದವರು ಯಾರು, ಯಾರನ್ನು ಕೇಳಿ ನಿರ್ಧರಿಸಿದರು ಎಂದು ವಿಚಾರಿಸುವುದು ಅಪರೂಪ.

ಮೈಸೂರಿನಲ್ಲಿ ಉತ್ತರ ಸರಳವಾಗಿತ್ತು: ಒಬ್ಬ ಅರಸನ ಇಚ್ಛೆ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ 1784ರ ವಿಭೂತಿ ಬುಧವಾರದ ಸುಮಾರಿಗೆ ಕೆನರಾದ ಹತ್ತಾರು ಸಾವಿರ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಕೆಲವರ ಮೇಲಿನ ಸಂಶಯಕ್ಕೆ ಇಡೀ ಸಮುದಾಯ ದಂಡ ತೆತ್ತಿತು. ಆ ಆಜ್ಞೆಯನ್ನು ಪ್ರಶ್ನಿಸುವ ಸಭೆಯೊಂದೂ ನಾಡಿನಲ್ಲಿರಲಿಲ್ಲ. ಇಗರ್ಜಿಗಳು ನೆಲಸಮವಾದವು, ಮೂಡುಬಿದಿರೆಯ ಬಳಿಯ ಹೊಸಬೆಟ್ಟು ಇಗರ್ಜಿ ಮಾತ್ರ ಚೌಟ ಅರಸರ ಸ್ನೇಹದಿಂದ ಉಳಿಯಿತೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಜೈನ ಅರಸನೊಬ್ಬನ ಆ ಔದಾರ್ಯವನ್ನು ನಾವು ಮರೆಯಲಾಗದು.

ಅದೇ ವರ್ಷ ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಪಾರ್ಲಿಮೆಂಟು ಪಿಟ್‌ನ ಇಂಡಿಯಾ ಕಾಯಿದೆಯನ್ನು ಅಂಗೀಕರಿಸಿತು. ಭಾರತದಲ್ಲಿ ರಾಜ್ಯ ವಿಸ್ತಾರಕ್ಕಾಗಿ ಯುದ್ಧ ಮಾಡುವುದು ಆ ರಾಷ್ಟ್ರದ ಗೌರವಕ್ಕೆ ತಕ್ಕುದಲ್ಲವೆಂದು ಅದು ಸಾರಿತು. ಕಂಪೆನಿಯ ನಿರ್ದೇಶಕರ ಅಥವಾ ಅವರ ಗುಪ್ತ ಸಮಿತಿಯ ಅಪ್ಪಣೆಯಿಲ್ಲದೆ ಗವರ್ನರ್ ಜನರಲ್ ಯುದ್ಧ ಹೂಡಬಾರದೆಂದು ವಿಧಿಸಿತು. ಆದರೆ ಕಂಪೆನಿಯ ಮೇಲಾಗಲಿ, ಅದು ರಕ್ಷಣೆಯ ಭರವಸೆಯಿತ್ತ ಮಿತ್ರರ ಮೇಲಾಗಲಿ ದಾಳಿ ನಡೆದರೆ ಅಥವಾ ದಾಳಿಯ ಸಿದ್ಧತೆ ಕಂಡುಬಂದರೆ ಈ ನಿರ್ಬಂಧವಿರಲಿಲ್ಲ.

ಈ ವಿನಾಯಿತಿಯ ಬಾಗಿಲು ಬಲುಬೇಗ ತೆರೆಯಿತು. 1789ರ ಡಿಸೆಂಬರ್ 29ರಂದು ಟಿಪ್ಪು ತಿರುವಾಂಕೂರಿನ ಮೇಲೆ ದಾಳಿ ಮಾಡಿದನು. ಮಂಗಳೂರು ಒಪ್ಪಂದವು ತಿರುವಾಂಕೂರನ್ನು ಕಂಪೆನಿಯ ಮಿತ್ರನೆಂದು ಹೆಸರಿಸಿತ್ತು; ಆದ್ದರಿಂದ ಕಾರ್ನ್‌ವಾಲಿಸನಿಗೆ ಕಾಯಿದೆಯ ಆಧಾರ ದೊರೆಯಿತು. 1791ರಲ್ಲಿ ಪಾರ್ಲಿಮೆಂಟಿನಲ್ಲಿ ವಿರೋಧ ಪಕ್ಷ ಆಕ್ಷೇಪಿಸಿದರೂ ಬಹುಮತ ಆತನನ್ನು ಬೆಂಬಲಿಸಿತು.

1798ರ ಪ್ರಸಂಗ ಇನ್ನಷ್ಟು ಬೋಧಪ್ರದ. ಟಿಪ್ಪುವಿನ ದೂತರು ಮಾರಿಷಸ್ ದ್ವೀಪದಲ್ಲಿ ಫ್ರೆಂಚರ ನೆರವು ಯಾಚಿಸಿದರು. ಅಲ್ಲಿಂದ ಮಂಗಳೂರಿಗೆ ಬಂದಿಳಿದವರು ನೂರು ಮಂದಿಯೂ ಇರಲಿಲ್ಲ. ಅಷ್ಟನ್ನೇ ವೆಲ್ಲೆಸ್ಲಿಯು ಯುದ್ಧಸಿದ್ಧತೆಯೆಂದು ಅರ್ಥೈಸಿದನು. ಲಂಡನ್ನಿಗೆ ಪತ್ರ ಹೋಗಿ ಉತ್ತರ ಬರಲು ವರ್ಷವೇ ಹಿಡಿಯುತ್ತಿದ್ದ ಕಾಲವದು. ದಾಳಿಯ ಸಿದ್ಧತೆ ಯಾವುದು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿತ್ತೋ, ಯುದ್ಧದ ಅಧಿಕಾರವೂ ವಾಸ್ತವವಾಗಿ ಅವನ ಕೈಯಲ್ಲೇ ಇತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಕೆನರಾ ಕಂಪೆನಿಯ ವಶವಾಯಿತು. ರಾಜ್ಯ ವಿಸ್ತಾರವನ್ನು ಖಂಡಿಸಿದ್ದ ಪಾರ್ಲಿಮೆಂಟೇ ಗೆದ್ದವರಿಗೆ ವಂದನೆ ಸಲ್ಲಿಸಿತು.

ಪ್ರಿಯ ಓದುಗರೇ, ಇಲ್ಲಿ ನಮ್ಮ ಮನಸ್ಸಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಸೆರೆಯಲ್ಲಿ ಬದುಕುಳಿದ ನಮ್ಮ ಪೂರ್ವಿಕರು ಊರಿಗೆ ಮರಳಿದ್ದು ಈ ಯುದ್ಧದ ದೆಸೆಯಿಂದಲೇ. ಬಿಡುಗಡೆಗಾಗಿ ನಾವು ದೇವರಿಗೆ ಕೃತಜ್ಞರು. ಆದರೆ ಫಲ ಸಿಹಿಯಾಯಿತೆಂದ ಮಾತ್ರಕ್ಕೆ ಕಾಯಿದೆಯನ್ನು ತನಗೆ ಬೇಕಾದಂತೆ ಬಗ್ಗಿಸಿದವನ ಕ್ರಮ ನ್ಯಾಯವಾಗದು. ಇದೇ ಯುದ್ಧಗಳಲ್ಲಿ ಬಂಟ್ವಾಳ ಪೇಟೆ ಬಹಳವಾಗಿ ನೊಂದಿತು. ಕೊಡಗಿನ ಅರಸನು ಅಲ್ಲಿಯ ಅರ್ಧದಷ್ಟು ಜನರನ್ನು ಒಯ್ದನೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಅವರನ್ನು ಅರಮನೆಯೂ ಕೇಳಲಿಲ್ಲ. ಅವರ ಪ್ರತಿನಿಧಿಯೊಬ್ಬನೂ ಪಾರ್ಲಿಮೆಂಟಿನಲ್ಲಿ ಕುಳಿತಿರಲಿಲ್ಲ.

ಇಂದು ನಮ್ಮ ಪ್ರತಿನಿಧಿಗಳು ಕುಳಿತಿದ್ದಾರೆ. ಸಂವಿಧಾನದ 53ನೆಯ ವಿಧಿಯಂತೆ ರಕ್ಷಣಾಪಡೆಗಳ ಪರಮಾಧಿಕಾರ ರಾಷ್ಟ್ರಪತಿಗಳದು, ಆದರೆ ಅದರ ಪ್ರಯೋಗ ಕಾನೂನಿಗೆ ಅಧೀನ. ಅವರು ನಡೆಯಬೇಕಾದುದು ಮಂತ್ರಿಮಂಡಲದ ಸಲಹೆಯಂತೆ. ಯುದ್ಧಕ್ಕೆ ಮೊದಲು ಸಂಸತ್ತಿನ ಒಪ್ಪಿಗೆ ಬೇಕೆಂದು ಸಂವಿಧಾನ ಹೇಳುವುದಿಲ್ಲ. ಸಂಸತ್ತಿನ ಕೈಯಲ್ಲಿರುವುದು ಹಣದ ಮಂಜೂರಾತಿ ಮತ್ತು ಪ್ರಶ್ನಿಸುವ ಹಕ್ಕು. ತುರ್ತುಪರಿಸ್ಥಿತಿಯ ಘೋಷಣೆಗೆ ಒಂದು ತಿಂಗಳೊಳಗೆ ಅದರ ಅನುಮೋದನೆ ಬೇಕೆಂಬ ನಿಯಮ 1978ರ 44ನೆಯ ತಿದ್ದುಪಡಿಯಿಂದ ಬಂತು. ಅದಕ್ಕೆ ಮುನ್ನ, 1962ರ ಅಕ್ಟೋಬರಿನಲ್ಲಿ ಚೀನಾ ಯುದ್ಧಕ್ಕಾಗಿ ಘೋಷಿಸಿದ ತುರ್ತುಪರಿಸ್ಥಿತಿ 1968ರ ಜನವರಿಯವರೆಗೂ ಮುಂದುವರಿದಿತ್ತು. ಅಮೆರಿಕದ ಕಾಂಗ್ರೆಸ್ 1973ರಲ್ಲಿ ಅಧ್ಯಕ್ಷ ನಿಕ್ಸನ್ನರ ನಿರಾಕರಣೆಯನ್ನು ಮೀರಿ, ಅನುಮತಿಯಿಲ್ಲದ ಸೇನಾ ಕಾರ್ಯಾಚರಣೆಗೆ 60 ದಿನಗಳ ಮಿತಿ ಹಾಕಿತು. ಅಲ್ಲಿಯೂ ಮಿತಿಯ ಅರ್ಥ ಹೇಳುವ ವಿವಾದ ತೀರಿಲ್ಲ.

ಹಾಗಾದರೆ ಕಾಯಿದೆಗಳು ವ್ಯರ್ಥವೇ? ಅಲ್ಲ. 1784ರ ಕಾಯಿದೆಯು ವೆಲ್ಲೆಸ್ಲಿಯನ್ನು ತಡೆಯಲಿಲ್ಲ. ಆದರೆ ಕಾರಣ ಕೊಡುವಂತೆ ಮಾಡಿತು. ಅರಮನೆಯ ಆಜ್ಞೆಗೆ ಕಾರಣದ ಹಂಗೂ ಇರಲಿಲ್ಲ. ಕೊಟ್ಟ ಕಾರಣವನ್ನು ಗೆಲುವಿನ ಸಂಭ್ರಮದಲ್ಲಿಯೂ ಪರೀಕ್ಷಿಸುವ ಧೈರ್ಯ ಸಭೆಗೆ ಇರಬೇಕು. ಆ ಧೈರ್ಯವನ್ನು ಅದಕ್ಕೆ ತುಂಬಬೇಕಾದವರು ಮತದಾರರಾದ ನಾವು. ನಮ್ಮ ಗಡಿಗಳಲ್ಲಿ ತುಪಾಕಿ ಸದ್ದು ಮಾಡಿದಾಗಲೆಲ್ಲ, ಪ್ರಶ್ನೆ ಕೇಳುವವನನ್ನು ದ್ರೋಹಿ ಎನ್ನುವ ಮೊದಲು, ಕೇಳುವವರಿಲ್ಲದೆ ಘಟ್ಟ ಹತ್ತಿದ ಆ ಸೆರೆಯಾಳುಗಳನ್ನು ನೆನೆಯೋಣ.