ಲೈನ್ ಕ್ಲಿಯರ್: ಹಾಸನ ಸೀಮೆಯಲ್ಲಿ ಯಂತ್ರಶಕ್ತಿಗೆ ಹಾಕಿದ ಬೀಗದ ಚರಿತ್ರೆ

ಓಡುವ ಯಂತ್ರವನ್ನು ನಿಲ್ಲಿಸುವುದು ಒಂದು ಕೆಲಸ. ನಿಂತ ಯಂತ್ರವು ಅದರೊಳಗೆ ಕೈಯಿಟ್ಟವನಿಗೆ ತಿಳಿಯದಂತೆ ಮತ್ತೆ ಓಡದ ಹಾಗೆ ಕಾಯುವುದು ಬೇರೆಯೇ ಕೆಲಸ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಈ ಎರಡನೆಯ ಕೆಲಸವು ಕಣ್ಣಳತೆಯ ಎಚ್ಚರದಿಂದ ಆರಂಭವಾಗಿ, ಕೈಗೆ ಸಿಗುವ ವಸ್ತುವಾಗಿ, ಬಳಿಕ ಬಾಯಿಮಾತು ಮತ್ತು ಬರಹವಾಗಿ, ಕೊನೆಗೆ ಕಾನೂನಿನ ದಫ್ತರವಾಗಿ ಬೆಳೆದು ಬಂದಿದೆ. ಇಂದು ಕಾರ್ಖಾನೆಯ ಮಾಲೀಕರೂ ವಿದ್ಯುತ್ ಇಲಾಖೆಯ ನೌಕರರೂ ಸುರಕ್ಷತೆಯ ಬರವಣಿಗೆ ಹೊರೆಯಾಗಿದೆ ಎಂದು ಹೇಳುವಾಗ, ಆ ಬರವಣಿಗೆಯಲ್ಲಿ ಯಾವುದು ಜೀವ ಕಾಯಲು ಹುಟ್ಟಿದ್ದು, ಯಾವುದು ಕಡತ ತುಂಬಲು ಸೇರಿಕೊಂಡದ್ದು ಎಂಬುದನ್ನು ಬೇರ್ಪಡಿಸಿ ನೋಡಲು ಈ ಚರಿತ್ರೆ ನೆರವಾಗುತ್ತದೆ.

ಎತ್ತಿನ ಗಾಣದ ಕಾಲದಲ್ಲಿ ಶಕ್ತಿಯ ಮೂಲವು ದುಡಿಯುವವನ ಕಣ್ಣೆದುರೇ ಇರುತ್ತಿತ್ತು. ಆಲೆಮನೆಯಲ್ಲಿ ಕಬ್ಬಿನ ಗಾಣದ ಉರುಳೆಗಳ ನಡುವೆ ಸಿಪ್ಪೆ ಸಿಕ್ಕಿಕೊಂಡರೆ ಎತ್ತುಗಳನ್ನು ನಿಲ್ಲಿಸಿ, ಬೇಕಾದರೆ ನೊಗ ಬಿಚ್ಚಿ, ಆಮೇಲೆ ಕೈ ಹಾಕಬಹುದಾಗಿತ್ತು. ನೊಗ ಬಿಚ್ಚಿದ ಗಾಣ ತಾನಾಗಿ ತಿರುಗುವುದಿಲ್ಲವೆಂಬುದು ಮಕ್ಕಳಿಗೂ ತಿಳಿದಿತ್ತು. ಎಣ್ಣೆಯ ಎಂಜಿನ್ ಬಂದು, ಅದರಿಂದ ಚಾವಣಿಯ ಕೆಳಗಿನ ಉದ್ದನೆಯ ಶಾಫ್ಟಿಗೂ ಅಲ್ಲಿಂದ ಪಟ್ಟಾಗಳ ಮೂಲಕ ಅಕ್ಕಿ ಗಿರಣಿಯ ಹಲ್ಲರಿಗೂ ರಾಗಿ ಬೀಸುವ ಕಲ್ಲಿಗೂ ಚಲನೆ ಹರಿಯತೊಡಗಿದಾಗ, ಶಕ್ತಿಯ ಮೂಲಕ್ಕೂ ದುಡಿಯುವ ಕೈಗೂ ನಡುವೆ ಗೋಡೆಯೊಂದು ಬಂದಿತು. ಎಂಜಿನ್ ಆರಿಸಿದ ಮೇಲೂ ಅದರ ಭಾರವಾದ ಗಾಲಿ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಹೀಗೆ ಮೂಲವನ್ನು ಕಡಿದ ಮೇಲೂ ಯಂತ್ರದಲ್ಲಿ ಉಳಿಯುವ ಶಕ್ತಿಗೆ ಸಂಚಿತ ಶಕ್ತಿ ಎನ್ನುತ್ತಾರೆ. ಬಿಗಿದ ಸ್ಪ್ರಿಂಗು, ಕೊಳವೆಯಲ್ಲಿ ನಿಂತ ಹಬೆ, ಸಿಲಿಂಡರಿನಲ್ಲಿ ಅದುಮಿಟ್ಟ ಗಾಳಿ, ಮೇಲೆತ್ತಿ ನಿಲ್ಲಿಸಿದ ಭಾರ ಎಲ್ಲವೂ ಈ ಬಗೆಯವೇ. ವಿದ್ಯುತ್ತು ಬಂದಾಗ ತೊಡಕು ಇನ್ನೂ ಹೆಚ್ಚಿತು. ಸತ್ತ ತಂತಿಗೂ ಜೀವವಿರುವ ತಂತಿಗೂ ನೋಟದಲ್ಲಿ ವ್ಯತ್ಯಾಸವಿಲ್ಲವಾದ್ದರಿಂದ, ಒಬ್ಬನ ಮಾತನ್ನು ಮತ್ತೊಬ್ಬನು ನಂಬಿ ಕೈಯಿಡಬೇಕಾದ ಪರಿಸ್ಥಿತಿ ಮೊದಲ ಬಾರಿಗೆ ಹುಟ್ಟಿಕೊಂಡಿತು.

ಇಂತಹ ನಂಬಿಕೆಯನ್ನು ಕ್ರಮಬದ್ಧಗೊಳಿಸುವ ಒಂದು ಉಪಾಯವನ್ನು ಈ ಸೀಮೆಯ ಜನ ರೈಲು ನಿಲ್ದಾಣಗಳಲ್ಲಿ ಮೊದಲೇ ಕಂಡಿದ್ದರು. ಮೈಸೂರಿನಿಂದ ಹೊಳೆನರಸೀಪುರ ಮತ್ತು ಹಾಸನಗಳ ಮೂಲಕ ಅರಸೀಕೆರೆಗೆ ಹೋಗುವ ಮೀಟರ್ ಗೇಜ್ ಮಾರ್ಗವನ್ನು ಮೈಸೂರು ಸಂಸ್ಥಾನದ ಕಾಲದಲ್ಲಿ ಹಾಕಲಾಯಿತು. ಒಂದೇ ಹಳಿಯ ಮಾರ್ಗದಲ್ಲಿ ಎರಡು ಗಾಡಿಗಳು ಎದುರುಬದುರಾಗದಂತೆ, ಮುಂದಿನ ನಿಲ್ದಾಣದಿಂದ ಒಪ್ಪಿಗೆ ಪಡೆಯುವುದನ್ನು ರೈಲ್ವೆಯ ಮಾತಿನಲ್ಲಿ ‘ಲೈನ್ ಕ್ಲಿಯರ್’ ಎಂದು ಕರೆಯುತ್ತಾರೆ. ಟೋಕನ್ ಪದ್ಧತಿಯಿದ್ದ ಮಾರ್ಗಗಳಲ್ಲಿ ಎರಡು ನಿಲ್ದಾಣಗಳ ಯಂತ್ರಗಳು ತಂತಿಯ ಮೂಲಕ ಒಂದಕ್ಕೊಂದು ಬೆಸೆದುಕೊಂಡಿದ್ದು, ಒಂದು ಟೋಕನ್ ಹೊರಗೆ ಬಂದ ಮೇಲೆ ಅದು ಯಾವುದಾದರೂ ಒಂದು ಯಂತ್ರದೊಳಗೆ ಹಿಂದಿರುಗುವ ತನಕ ಮತ್ತೊಂದು ಹೊರಬರಲು ಸಾಧ್ಯವಿರಲಿಲ್ಲ. ದೊಡ್ಡ ಬಳೆಯಂತಹ ಹಿಡಿಕೆಯ ಚೀಲದಲ್ಲಿ ಆ ಟೋಕನನ್ನು ಇಟ್ಟು ಚಾಲಕನ ಕೈಗೆ ಕೊಡುವುದನ್ನು ಹಳೆಯ ಪ್ರಯಾಣಿಕರು ಬಲ್ಲರು. ನಿಲ್ದಾಣದ ಪುಸ್ತಕದಲ್ಲಿ ವೇಳೆಯನ್ನೂ ಗಾಡಿಯ ಸಂಖ್ಯೆಯನ್ನೂ ಬರೆಯುತ್ತಿದ್ದರಾದರೂ, ಗಾಡಿಯನ್ನು ತಡೆದು ನಿಲ್ಲಿಸುತ್ತಿದ್ದುದು ಆ ಒಂದು ಲೋಹದ ವಸ್ತು; ಬರಹವು ಅದಕ್ಕೆ ಸಾಕ್ಷಿಯಾಗಿ ಪಕ್ಕದಲ್ಲಿ ನಿಲ್ಲುತ್ತಿತ್ತು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಹರಿಸಿದ ಮೈಸೂರು ಸಂಸ್ಥಾನದಲ್ಲಿ ಲೈನ್ ಕೆಲಸ ಮಾಡುವ ನೌಕರವರ್ಗವೊಂದು ಬೇಗನೆ ರೂಪುಗೊಂಡಿತು. 1957ರಲ್ಲಿ ಸ್ಥಾಪನೆಯಾದ ವಿದ್ಯುತ್ ಮಂಡಳಿಯು ಹಳ್ಳಿಗಳಿಗೂ ನೀರಾವರಿ ಪಂಪ್‌ಸೆಟ್ಟುಗಳಿಗೂ ತಂತಿ ಎಳೆಯುತ್ತ ಹೋದಂತೆ ‘ಲೈನ್ ಕ್ಲಿಯರ್’ ಎಂಬ ಮಾತು ಕಂಬ ಹತ್ತುವವರ ದಿನನಿತ್ಯದ ನುಡಿಯಾಯಿತು. ಬಾಯಲ್ಲಿ ಅದು ಬರೀ ‘ಎಲ್‌ಸಿ’. ಮಂಡಳಿಯು 1999ರಲ್ಲಿ ನಿಗಮವಾಗಿ, 2005ರಲ್ಲಿ ಹಾಸನ ಜಿಲ್ಲೆಯ ವಿತರಣೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸೇರಿದ ಮೇಲೂ ಈ ಮಾತು ಬದಲಾಗಲಿಲ್ಲ.

ಎಲ್‌ಸಿ ತೆಗೆದುಕೊಳ್ಳುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಅದರ ಬರವಣಿಗೆಯ ಅರ್ಥ ತಿಳಿಯುತ್ತದೆ. ಮುಂಗಾರಿನ ಗಾಳಿಗೆ ಅರಕಲಗೂಡಿನ ಕಡೆಯ ಫೀಡರೊಂದರ ಮೇಲೆ ಕೊಂಬೆ ಬಿದ್ದಿದೆಯೆಂದು ಇಟ್ಟುಕೊಂಡರೆ, ಕೆಲಸದ ಹೊಣೆ ಹೊತ್ತವನು ಉಪಕೇಂದ್ರದ ಆಪರೇಟರನಿಗೆ ಫೀಡರಿನ ಹೆಸರನ್ನೂ ಕೆಲಸದ ಜಾಗವನ್ನೂ ತಿಳಿಸಿ ಎಲ್‌ಸಿ ಕೇಳುತ್ತಾನೆ. ಆಪರೇಟರನು ಬ್ರೇಕರನ್ನು ತೆರೆದು, ತಂತಿಯನ್ನು ಮೂಲದಿಂದ ಬೇರ್ಪಡಿಸಿ, ಅದನ್ನು ನೆಲಕ್ಕೆ ಜೋಡಿಸಿ, ‘ಕೆಲಸ ನಡೆಯುತ್ತಿದೆ’ ಎಂಬ ಫಲಕವನ್ನು ತೂಗುಹಾಕಿ, ಎಲ್‌ಸಿಯ ಸಂಖ್ಯೆ, ಪಡೆದವನ ಹೆಸರು ಮತ್ತು ವೇಳೆಯನ್ನು ಪುಸ್ತಕದಲ್ಲಿ ದಾಖಲಿಸುತ್ತಾನೆ. ಪಡೆದವನೂ ಅದನ್ನೇ ಬರೆದುಕೊಂಡು ತಿರುಗಿ ಒಪ್ಪಿಸುತ್ತಾನೆ. ಕಂಬದ ಬಳಿಯೂ ತಂತಿಗೆ ಅರ್ಥಿಂಗ್ ರಾಡ್ ಕಟ್ಟಬೇಕು. ಯಾರದೋ ಗಿರಣಿಯ ಜನರೇಟರಿನಿಂದ ಹಿಮ್ಮುಖವಾಗಿ ಬರಬಹುದಾದ ವಿದ್ಯುತ್ತನ್ನು ಉಪಕೇಂದ್ರದ ಪುಸ್ತಕ ತಡೆಯಲಾರದು. ಕೆಲಸ ಮುಗಿದು, ರಾಡ್ ಬಿಚ್ಚಿ, ಜನರೆಲ್ಲ ಕೆಳಗಿಳಿದ ಬಳಿಕ, ಎಲ್‌ಸಿ ಪಡೆದವನೇ ಅದನ್ನು ಹಿಂದಿರುಗಿಸಿದಾಗ ಮಾತ್ರ ಲೈನ್ ಚಾರ್ಜ್ ಆಗಬೇಕು. ಎರಡು ಊರುಗಳಲ್ಲಿ ಎರಡು ಬಾರಿ ಬರೆಯುವ ಈ ದಾಖಲೆ ಮೇಲ್ನೋಟಕ್ಕೆ ದಂಡದ ಕೆಲಸವೆನಿಸಿದರೂ, ಆಪರೇಟರನ ಪಾಳಿ ಬದಲಾಗಿ ಹೊಸಬನು ಬಂದು ಕುಳಿತಾಗ, ಕಂಬದ ಮೇಲೆ ಇನ್ನೂ ಒಬ್ಬನಿದ್ದಾನೆಂದು ಅವನಿಗೆ ಹೇಳುವುದು ಆ ಒಂದು ಸಾಲು.

ಕಾರ್ಖಾನೆಗಳ ಒಳಗಿನ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1948ರ ಕಾರ್ಖಾನೆಗಳ ಕಾಯಿದೆಯ 21ನೆಯ ಪ್ರಕರಣವು ತಿರುಗುವ ಭಾಗಗಳಿಗೆ ಬೇಲಿ ಕಟ್ಟಬೇಕೆಂದು ವಿಧಿಸಿತು. 22ನೆಯ ಪ್ರಕರಣವು ಚಲನೆಯಲ್ಲಿರುವ ಯಂತ್ರವನ್ನು ಪರೀಕ್ಷಿಸಬೇಕಾಗಿ ಬಂದರೆ, ವಿಶೇಷ ತರಬೇತಿ ಪಡೆದ, ಮೈಗೆ ಬಿಗಿಯಾದ ಬಟ್ಟೆ ತೊಟ್ಟ, ಹೆಸರನ್ನು ರಿಜಿಸ್ಟರಿನಲ್ಲಿ ದಾಖಲಿಸಿಕೊಂಡ ವಯಸ್ಕ ಕಾರ್ಮಿಕನೇ ಆ ಕೆಲಸ ಮಾಡಬೇಕೆಂದಿತು. ಪಂಚೆಯ ಚುಂಗನ್ನೋ ಹೆಗಲ ಟವೆಲನ್ನೋ ಪಟ್ಟಾ ಎಳೆದುಕೊಳ್ಳುವುದನ್ನು ಬಲ್ಲವರಿಗೆ, ಬಟ್ಟೆ ಮತ್ತು ರಿಜಿಸ್ಟರು ಒಂದೇ ವಾಕ್ಯದಲ್ಲಿ ಸೇರಿದ್ದರ ಔಚಿತ್ಯ ಕಾಣುತ್ತದೆ. ಬೀಗದ ಮಾತು ಸ್ಪಷ್ಟವಾಗಿ ಬಂದದ್ದು 1976ರ ತಿದ್ದುಪಡಿಯಲ್ಲಿ: ಶಕ್ತಿಯನ್ನು ಕಡಿಯುವ ಸಾಧನವು ಅರಿಯದೆ ಚಾಲೂ ಸ್ಥಿತಿಗೆ ಸರಿಯುವಂತಿದ್ದರೆ, ಅದನ್ನು ಸುರಕ್ಷಿತ ಸ್ಥಿತಿಯಲ್ಲಿ ಬೀಗಹಾಕಿ ನಿಲ್ಲಿಸುವ ಏರ್ಪಾಡಿರಬೇಕೆಂಬ ಉಪಪ್ರಕರಣವು 24ನೆಯ ಪ್ರಕರಣಕ್ಕೆ ಸೇರಿತು. ಹಾಸನದ ಕಾಫಿ ಸಂಸ್ಕರಣಾ ಘಟಕಗಳು, ಹೇಮಾವತಿಯ ನಾಲೆಗಳು ಬೆಳೆಸಿದ ಭತ್ತವನ್ನು ನೆಚ್ಚಿದ ಗಿರಣಿಗಳು, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದ ಸಹಕಾರಿ ಸಕ್ಕರೆ ಕಾರ್ಖಾನೆಯಂತಹ, ಹಬೆ ಮತ್ತು ವಿದ್ಯುತ್ತು ಎರಡನ್ನೂ ಬಳಸುವ ದೊಡ್ಡ ಸ್ಥಾವರಗಳು, ಎಲ್ಲವೂ ಕಾರ್ಮಿಕರ ಸಂಖ್ಯೆ ಮಿತಿಯನ್ನು ಮುಟ್ಟಿದೊಡನೆ ಈ ಕಾಯಿದೆಯ ವ್ಯಾಪ್ತಿಗೆ ಬರುತ್ತಿದ್ದವು.

ಹೊಲಗಳು ಮಾತ್ರ ಹೊರಗೇ ಉಳಿದವು. ಕಣದಲ್ಲಿ ರೋಣುಗಲ್ಲಿನ ಜಾಗಕ್ಕೆ ಒಕ್ಕಣೆ ಯಂತ್ರ ಬಂದಾಗ, ತೆನೆ ಉಣಿಸುವ ಕೈ ಯಾವ ರಿಜಿಸ್ಟರಿನಲ್ಲಿಯೂ ಇರಲಿಲ್ಲ. ದೇಶದಾದ್ಯಂತ ಒಕ್ಕಣೆ ಯಂತ್ರಗಳಿಗೆ ಸಿಕ್ಕಿ ಅಂಗಹೀನರಾದವರ ಸಂಕಟವನ್ನು ಮನಗಂಡು ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ರೂಪಿಸಿತು. ಅದು ಹೊಣೆಯ ದೊಡ್ಡ ಪಾಲನ್ನು ತಯಾರಕನ ಮೇಲೆ ಹೊರಿಸಿ, ಯಂತ್ರದ ಜೊತೆಗೆ ಬಳಕೆಯ ಕೈಪಿಡಿಯನ್ನು ಕೊಡಬೇಕೆಂದಿತು. ಕಣದಲ್ಲಿ ದಫ್ತರ ಇಡಲಾಗದ ರೈತನ ಸ್ಥಿತಿಯನ್ನು ಅರಿತ ಈ ಹಂಚಿಕೆ ಗಮನಾರ್ಹವಾದುದು.

ಅಮೆರಿಕದಲ್ಲಿ ನಿಂತ ಯಂತ್ರಕ್ಕೆ ಬೀಗ ಹಾಕುವ ನಿಯಮವು 1989ರಲ್ಲಿ ಪ್ರಕಟವಾಗಿ 1990ರ ಜನವರಿಯಲ್ಲಿ ಜಾರಿಗೆ ಬಂದಿತು. ರಿಪೇರಿ ಮಾಡುವ ಕಾರ್ಮಿಕನು ಸ್ವಿಚ್ಚಿಗೆ ತನ್ನದೇ ಬೀಗವನ್ನೂ ಹೆಸರಿನ ಚೀಟಿಯನ್ನೂ ಹಾಕಬೇಕು, ಯಂತ್ರವನ್ನು ನಿಲ್ಲಿಸುವ ವಿಧಾನವನ್ನು ಬರೆದಿಡಬೇಕು, ವರ್ಷಕ್ಕೊಮ್ಮೆ ತಪಾಸಣೆ ನಡೆಸಿ ದೃಢೀಕರಿಸಬೇಕು ಎಂಬುದು ಅದರ ಸಾರ. ಆ ದೇಶದ ಮತ್ತೊಂದು ಕಾನೂನು, ಸರ್ಕಾರ ಕೇಳುವ ಪ್ರತಿಯೊಂದು ಬರವಣಿಗೆಗೂ ಎಷ್ಟು ಗಂಟೆ ತಗಲುತ್ತದೆಂದು ಲೆಕ್ಕಹಾಕಿ ಕಾಲಕಾಲಕ್ಕೆ ಹೊಸದಾಗಿ ಅನುಮತಿ ಪಡೆಯುವಂತೆ ಇಲಾಖೆಗಳನ್ನು ಕಟ್ಟಿಹಾಕಿದೆ. ಬೀಗದ ನಿಯಮದಲ್ಲಿ, ಒಂದೇ ಶಕ್ತಿಮೂಲವಿದ್ದು, ಒಂದೇ ಬೀಗದಿಂದ ಪೂರ್ತಿ ನಿಲ್ಲುವ, ಸಂಚಿತ ಶಕ್ತಿಯಿಲ್ಲದ ಸರಳ ಯಂತ್ರಕ್ಕೆ ಇನ್ನೂ ಕೆಲವು ಷರತ್ತುಗಳೊಂದಿಗೆ ಲಿಖಿತ ವಿಧಾನದಿಂದ ವಿನಾಯಿತಿಯೂ ಉಂಟು. ಇಲ್ಲಿ ಗಮನಿಸಬೇಕಾದುದು, ಬರಹಕ್ಕೆ ವಿನಾಯಿತಿ ಸಿಕ್ಕಿದರೂ ಬೀಗಕ್ಕೆ ಸಿಕ್ಕಿಲ್ಲವೆಂಬುದು.

ನಮ್ಮಲ್ಲಿ ಹೊರೆಯನ್ನು ಇಳಿಸಿದ ಬಗೆ ಬೇರೆಯಾಯಿತು. ಹಳೆಯ ಕಾಯಿದೆಯಲ್ಲಿ ಯಂತ್ರಶಕ್ತಿ ಬಳಸಿ 10 ಜನ ದುಡಿಯುವ ಜಾಗ ಕಾರ್ಖಾನೆಯಾಗುತ್ತಿತ್ತು; 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಈ ಮಿತಿ 20ಕ್ಕೆ ಏರಿದೆ. ಹತ್ತು ಹನ್ನೆರಡು ಮಂದಿ ದುಡಿಯುವ ಅಕ್ಕಿ ಗಿರಣಿ, ತೆಂಗಿನ ನಾರಿನ ಘಟಕ ಮತ್ತು ಮರ ಕೊಯ್ಯುವ ಮಿಲ್ಲುಗಳು ಕಾರ್ಖಾನೆಯೆಂಬ ಹೆಸರಿನಿಂದ ಹೊರಬಿದ್ದಿವೆ. ಅವುಗಳ ಮಾಲೀಕರಿಗೆ ಬರವಣಿಗೆ ತಗ್ಗಿರುವುದು ನಿಜವಾದರೂ, ಗರಗಸದ ಹಲ್ಲು ಹತ್ತು ಜನರ ನಡುವೆಯೂ ಇಪ್ಪತ್ತು ಜನರ ನಡುವೆಯೂ ಒಂದೇ ವೇಗದಲ್ಲಿ ತಿರುಗುತ್ತದೆ.

ಈ ಸೀಮೆಯ ಚರಿತ್ರೆ ಕಲಿಸುವ ಪಾಠವು ಬರಹ ಮತ್ತು ಬೀಗಗಳ ಸಂಬಂಧಕ್ಕೆ ಸೇರಿದ್ದು. ಟೋಕನ್ನಿನ ಪಕ್ಕದ ಪುಸ್ತಕ, ಅರ್ಥಿಂಗ್ ರಾಡಿನ ಜೊತೆಗಿನ ಎಲ್‌ಸಿ ಸಂಖ್ಯೆ, ಬಿಗಿ ಬಟ್ಟೆಯ ಜೊತೆಗಿನ ಹೆಸರು, ಇವೆಲ್ಲ ಆ ಹೊತ್ತಿನಲ್ಲಿ, ಆ ಜಾಗದಲ್ಲಿ, ಕೈಯಿಡುವವನೇ ಬರೆದ ಅಥವಾ ಅವನಿಗಾಗಿಯೇ ಬರೆದ ದಾಖಲೆಗಳು. ತಿಂಗಳ ಕೊನೆಗೆ ಒಟ್ಟಾಗಿ ರುಜು ಹಾಕಿಸಿಕೊಂಡ ಹಾಳೆ, ಓದಲು ಬಾರದ ಭಾಷೆಯ ಫಾರಂ ಈ ವಂಶಕ್ಕೆ ಸೇರುವುದಿಲ್ಲ. ಇಳಿಸಬೇಕಾದ ಹೊರೆ ಆ ಎರಡನೆಯ ಬಗೆಯದು. ಪಂಪ್‌ಸೆಟ್ ರಿಪೇರಿಗೆ ಬಂದವನು ಮೋಟಾರು ಬಿಚ್ಚುವ ಮುನ್ನ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವ ರೂಢಿ ಹಳ್ಳಿಗಳಲ್ಲಿ ಇಂದಿಗೂ ಇದೆ. ತನ್ನ ಪ್ರಾಣದ ಕೀಲಿ ತನ್ನ ಬಳಿಯೇ ಇರಬೇಕೆಂಬ ಆ ತಿಳಿವಳಿಕೆಯನ್ನು ಉಳಿಸಿಕೊಂಡು, ಅದಕ್ಕೆ ಕನ್ನಡದ ಒಂದು ಸಾಲಿನ ದಾಖಲೆಯನ್ನು ಜೋಡಿಸಿದರೆ, ಕಾರ್ಖಾನೆಯೆಂಬ ಹೆಸರಿನಿಂದ ಹೊರಗುಳಿದ ಸಣ್ಣ ಗಿರಣಿಗೂ ಅದು ಭಾರವಾಗದು.