ಬಿಟ್ಟಿಯಿಂದ ಎನ್‌ಎಸ್‌ಎಸ್‌ವರೆಗೆ: ಭಾರತದಲ್ಲಿ ಕಡ್ಡಾಯ ರಾಷ್ಟ್ರಸೇವೆಯ ವಿಚಾರ

ಜೀತ, ಬೇಗಾರಿಗಳನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿಗೆ ಎರಡನೆಯದೊಂದು ಉಪವಿಧಿಯಿದೆ. ಸಾರ್ವಜನಿಕ ಉದ್ದೇಶಗಳಿಗಾಗಿ ಸರ್ಕಾರ ಕಡ್ಡಾಯ ಸೇವೆಯನ್ನು ವಿಧಿಸಬಹುದು, ಆದರೆ ಧರ್ಮ, ಜನಾಂಗ, ಜಾತಿ, ವರ್ಗಗಳ ಕಾರಣಕ್ಕಷ್ಟೇ ಭೇದ ಮಾಡಕೂಡದು ಎನ್ನುತ್ತದೆ ಅದು. ರಾಷ್ಟ್ರಸೇವೆ ಕಡ್ಡಾಯವಾಗಬೇಕೆ ಎಂಬ ಚರ್ಚೆ ಎದ್ದಾಗಲೆಲ್ಲ ನಮ್ಮವರು ಇಸ್ರೇಲ್, ದಕ್ಷಿಣ ಕೊರಿಯಾಗಳನ್ನು ಹೆಸರಿಸುತ್ತಾರೆ. 1950ರಿಂದಲೂ ನಮ್ಮಲ್ಲೇ ಇರುವ ಈ ಅಧಿಕಾರ ನೆನಪಾಗುವುದು ಅಪರೂಪ. ಇದನ್ನು ಎಲ್ಲ ತರುಣರಿಗೂ ಅನ್ವಯಿಸಲು ಯಾವ ಸರ್ಕಾರವೂ ಮುಂದಾಗಲಿಲ್ಲ. ಅದಕ್ಕೆ ಕಾರಣ ವ್ಯಕ್ತಿಸ್ವಾತಂತ್ರ್ಯದ ಬಗೆಗಿನ ಅಳುಕಿಗಿಂತ ಹೆಚ್ಚಾಗಿ ಹಣ ಮತ್ತು ವ್ಯವಸ್ಥೆಯ ಕೊರತೆ ಎಂಬುದು ಈ ಲೇಖನದ ವಾದ.

ಪ್ರಭುತ್ವ ಪ್ರಜೆಯ ದುಡಿಮೆಯನ್ನು ಕೇಳಿ ಪಡೆಯುವುದು ಈ ನೆಲಕ್ಕೆ ಹೊಸದಲ್ಲ. ಕ್ರಿ.ಶ. 150ರ ಸುಮಾರಿನ ಜುನಾಗಢ ಶಾಸನದಲ್ಲಿ ದೊರೆ ರುದ್ರದಾಮನು ಸುದರ್ಶನ ಕೆರೆಯ ಒಡ್ಡನ್ನು ಕರ, ವಿಷ್ಟಿ (ಅಂದರೆ ಬಿಟ್ಟಿ ದುಡಿಮೆ)ಗಳಿಂದ ಜನರನ್ನು ಪೀಡಿಸದೆಯೇ ಕಟ್ಟಿಸಿದೆನೆಂದು ಹೇಳಿಕೊಳ್ಳುತ್ತಾನೆ. ಪೀಡಿಸದಿದ್ದುದೇ ಹೆಗ್ಗಳಿಕೆಯಾಗಬೇಕಾದರೆ ಪೀಡನೆ ಎಷ್ಟು ವಾಡಿಕೆಯಾಗಿದ್ದಿರಬೇಕು! ಕನ್ನಡ ಶಾಸನಗಳ ತೆರಿಗೆ ಪಟ್ಟಿಗಳಲ್ಲೂ ಬಿಟ್ಟಿ ಕಾಣಿಸಿಕೊಳ್ಳುತ್ತದೆ. ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳ ಮೊಕ್ಕಾಂ ಬಂದರೆ ಹೊರೆ ಹೊರಲು, ಸೌದೆ ಒದಗಿಸಲು ಊರಿನ ಕೆಳಜಾತಿಗಳವರನ್ನೇ ಹಿಡಿದು ತರುತ್ತಿದ್ದರು. ಉಪವಿಧಿಯಲ್ಲಿ ಜಾತಿ, ವರ್ಗಗಳ ಮಾತು ಬಂದದ್ದನ್ನು ಈ ಹಿನ್ನೆಲೆಯಲ್ಲೇ ಓದಬೇಕು.

ಬ್ರಿಟಿಷರಿಗೆ ಇನ್ನೊಂದು ಬಗೆಯ ಕಡ್ಡಾಯವೂ ಗೊತ್ತಿತ್ತು. 1940ರಲ್ಲಿ ಭಾರತದಲ್ಲಿದ್ದ ಯುರೋಪಿಯನ್ ಬ್ರಿಟಿಷ್ ಪ್ರಜೆಗಳನ್ನು ರಾಷ್ಟ್ರಸೇವೆಗೆ ಒಳಪಡಿಸುವ ಕಾಯ್ದೆ ಬಂತು. ತಾಂತ್ರಿಕ ಕುಶಲರನ್ನು ಯುದ್ಧದ ಕಾರ್ಖಾನೆಗಳಿಗೆ ಕಳಿಸಲು ಒಂದು ಸುಗ್ರೀವಾಜ್ಞೆಯೂ ಹೊರಟಿತು. ಆದರೆ 25 ಲಕ್ಷದಷ್ಟು ಬೆಳೆದ ಭಾರತೀಯ ಸೇನೆಗೆ ಭಾರತೀಯರನ್ನು ಕಾನೂನಿನ ಬಲದಿಂದ ಸೇರಿಸಲಿಲ್ಲ. ಒಪ್ಪಿಗೆಯಿಲ್ಲದೆ ಆಳುತ್ತಿದ್ದ ಸರ್ಕಾರಕ್ಕೆ ಆ ಧೈರ್ಯ ಬರುವಂತೆಯೂ ಇರಲಿಲ್ಲ.

1948ರ ಡಿಸೆಂಬರ್ 3ರಂದು ಸಂವಿಧಾನ ರಚನಾ ಸಭೆ ಕರಡಿನ 17ನೇ ವಿಧಿಯನ್ನು, ಅಂದರೆ ಇಂದಿನ 23ನ್ನು, ಕೈಗೆತ್ತಿಕೊಂಡಿತು. ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತದಿಂದ ಆಯ್ಕೆಯಾಗಿದ್ದ ಎಚ್. ವಿ. ಕಾಮತರು ‘ಸಾರ್ವಜನಿಕ ಉದ್ದೇಶ’ದ ಜಾಗದಲ್ಲಿ ‘ಸಾಮಾಜಿಕ ಅಥವಾ ರಾಷ್ಟ್ರೀಯ ಉದ್ದೇಶ’ ಎಂದಿರಲಿ ಎಂದು ತಿದ್ದುಪಡಿ ಸೂಚಿಸಿದರು. ದುಡಿಸಿಕೊಂಡದ್ದಕ್ಕೆ ಪ್ರತಿಫಲ ಕೊಡಬೇಕೆಂಬ ಸಲಹೆಯೂ ಬಂತು. ಎರಡೂ ನಿಲ್ಲಲಿಲ್ಲ. ಹೀಗಾಗಿ ಸೇವೆ ಸೈನಿಕವೋ ನಾಗರಿಕವೋ, ಸಂಬಳ ಉಂಟೋ ಇಲ್ಲವೋ ಎಂಬುದನ್ನು ಸಂವಿಧಾನ ಮುಂದಿನವರಿಗೆ ಬಿಟ್ಟಿತು. ಭೇದ ಕೂಡದ ಕಾರಣಗಳ ಸಾಲಿನಲ್ಲಿ ಲಿಂಗವಿಲ್ಲ ಎಂಬುದನ್ನೂ ಗಮನಿಸಬೇಕು. ಈ ಉಪವಿಧಿಯ ಮಟ್ಟಿಗೆ ಗಂಡಸರನ್ನಷ್ಟೇ ಕರೆಯಲು ಅಡ್ಡಿಯಿಲ್ಲ.

ಗೆರೆ ಎಲ್ಲಿದೆ ಎಂಬುದು ನ್ಯಾಯಾಲಯಗಳಲ್ಲಿ ಬೇಗನೆ ಸ್ಪಷ್ಟವಾಯಿತು. ವ್ಯಕ್ತಿಯೊಬ್ಬನನ್ನು ವಿಶೇಷ ಪೊಲೀಸ್ ಅಧಿಕಾರಿಯಾಗಿ ನೇಮಿಸಿದ್ದು ಬೇಗಾರಿಯಲ್ಲ ಎಂದು ಕಲ್ಕತ್ತಾ ಹೈಕೋರ್ಟು 1958ರಲ್ಲಿ ಹೇಳಿತು. ಮಣಿಪುರದಲ್ಲಿ ಊರ ಮುಖ್ಯಸ್ಥನಿಗೆ ಮನೆಗೊಬ್ಬರು ಒಂದು ದಿನ ಪುಕ್ಕಟೆ ದುಡಿಯಬೇಕೆಂಬ ಸಂಪ್ರದಾಯ ಮಾತ್ರ 1961ರಲ್ಲಿ 23ನೇ ವಿಧಿಯ ಮುಂದೆ ಸೋತಿತು. ಸೇವೆ ಸಲ್ಲುವುದು ಸಾರ್ವಜನಿಕಕ್ಕೋ ಒಬ್ಬ ಯಜಮಾನನಿಗೋ ಎಂಬುದೇ ಅಲ್ಲಿ ಮುಖ್ಯವಾಯಿತು.

ಕಾನೂನಿನ ತೊಡಕು ಹೀಗೆ ಸಡಿಲವಾಗುತ್ತಿದ್ದ ವರ್ಷಗಳಲ್ಲೇ ದೆಹಲಿಯಲ್ಲಿ ಯೋಜನೆಗಳ ಮೇಲೆ ಯೋಜನೆ ತಯಾರಾಗುತ್ತಿತ್ತು. ವಿದ್ಯಾರ್ಥಿಗಳು ಒಂದು ವರ್ಷ ಸಮಾಜಸೇವೆ, ಶ್ರಮದಾನ ಮಾಡಬೇಕೆಂಬ ಮಾತು ಮೊದಲ ಪಂಚವಾರ್ಷಿಕ ಯೋಜನೆಯ ಹೊತ್ತಿಗೇ ಇತ್ತು. 1958ರಲ್ಲಿ ನೆಹರು ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಪದವಿಗೆ ಮುನ್ನ ಸಮಾಜಸೇವೆ ಇರಬೇಕೆಂಬ ವಿಚಾರವನ್ನು ಮುಂದಿಟ್ಟರು. ಮರುವರ್ಷ ಸಿ. ಡಿ. ದೇಶಮುಖರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಹೈಸ್ಕೂಲು ಮುಗಿಸಿ ಕಾಲೇಜಿಗೋ ಕೆಲಸಕ್ಕೋ ಹೋಗುವ ಎಲ್ಲರೂ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ರಾಷ್ಟ್ರಸೇವೆ ಮಾಡಲೇಬೇಕು, ಅದರಲ್ಲಿ ಒಂದಷ್ಟು ಸೈನಿಕ ತರಬೇತಿ, ಸಮಾಜಸೇವೆ, ಮೈಮುರಿಯುವ ಕೆಲಸ, ಸಾಮಾನ್ಯ ಶಿಕ್ಷಣ ಸೇರಿರಬೇಕು ಎಂಬುದು ಅದರ ಶಿಫಾರಸು. ಸ್ವತಂತ್ರ ಭಾರತ ಸಾರ್ವತ್ರಿಕ ಕಡ್ಡಾಯ ಸೇವೆಗೆ ಇದಕ್ಕಿಂತ ಹತ್ತಿರ ಎಂದೂ ಹೋದಂತೆ ಕಾಣುವುದಿಲ್ಲ. ಅದನ್ನು ಕೈಬಿಟ್ಟದ್ದಕ್ಕೆ ಸರ್ಕಾರ ಕೊಟ್ಟ ಕಾರಣ ಎರಡೇ: ವೆಚ್ಚ ಮತ್ತು ಜಾರಿಯ ಕಷ್ಟ. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರೂ ಮುಂದೆ ಹಣಕಾಸು ಸಚಿವರೂ ಆಗಿದ್ದವರ ಸಮಿತಿಯ ವರದಿ ಲೆಕ್ಕಾಚಾರದ ಮುಂದೆಯೇ ಸೋತದ್ದು ವಿಚಿತ್ರ. ಹಣದ ಲೆಕ್ಕ ಆ ಅಧ್ಯಕ್ಷರಿಗೆ ತಿಳಿಯದ್ದಲ್ಲವಲ್ಲ! 1960ರಲ್ಲಿ ಶಿಕ್ಷಣತಜ್ಞ ಕೆ. ಜಿ. ಸೈಯಿದೈನ್ ಹೊರದೇಶಗಳ ಅನುಭವವನ್ನು ಅಧ್ಯಯನ ಮಾಡಿ ಬಂದು, ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ಸೇರುವಂತಿರಲಿ ಎಂದರು.

ಚೀನಾ ಯುದ್ಧದ ಬೆನ್ನಿಗೆ ಕಡ್ಡಾಯ ಬಂದೇಬಿಟ್ಟಿತು, ಆದರೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಮಾತ್ರ. 1948ರ ಕಾಯ್ದೆಯಂತೆ ಸ್ವಇಚ್ಛೆಯ ಸಂಘಟನೆಯಾಗಿದ್ದ ಎನ್‌ಸಿಸಿ 1963ರಲ್ಲಿ ಪದವಿ ತರಗತಿಯ ಹುಡುಗರಿಗೆ ಕಡ್ಡಾಯವಾಯಿತು. ಪೆರೇಡಿಗೆ ಹುಡುಗರು ಸಾಲುಗಟ್ಟಿ ನಿಂತರು, ಅಷ್ಟು ಮಂದಿಗೆ ಕಲಿಸುವವರು ಸಿಗಲಿಲ್ಲ. ಇನ್ನೊಂದು ತಕರಾರು ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. 1968ರ ಜನವರಿಯಲ್ಲಿ ಮದರಾಸು ವಿಧಾನಸಭೆ, ಎನ್‌ಸಿಸಿಯ ಹಿಂದಿ ಆಜ್ಞಾಪದಗಳು ಹೋಗಬೇಕು, ಇಲ್ಲವಾದರೆ ರಾಜ್ಯದಲ್ಲಿ ಎನ್‌ಸಿಸಿಯೇ ಬೇಡ ಎಂಬ ನಿಲುವು ತಳೆಯಿತು. ಇಷ್ಟಪಟ್ಟು ಸೇರಿದವನಿಗೆ ‘ಸಾವಧಾನ್’ ಬರಿಯ ಪೆರೇಡಿನ ಕೂಗು. ಹಿಡಿದು ನಿಲ್ಲಿಸಿದವನಿಗೆ ಅದು ಯಾರ ಭಾಷೆ ಎಂಬುದೂ ಕೇಳಿಸುತ್ತದೆ. ಅದೇ ವರ್ಷ ಎನ್‌ಸಿಸಿ ಮತ್ತೆ ಐಚ್ಛಿಕವಾಯಿತು.

ಬಂದೂಕು ಬೇಡವೆನ್ನುವವರಿಗೆ ಬೇರೆ ದಾರಿಯಿರಲಿ ಎಂದು ಶಿಕ್ಷಣ ಸಚಿವರ ಸಮ್ಮೇಳನ 1967ರಲ್ಲೇ ಒಪ್ಪಿತ್ತು. ಬಳ್ಳಾರಿಯ ಲೋಕಸಭಾ ಸದಸ್ಯರೂ ಕೇಂದ್ರ ಶಿಕ್ಷಣ ಸಚಿವರೂ ಆಗಿದ್ದ ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್, ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆಗೆ, ಅಂದರೆ ಎನ್‌ಎಸ್‌ಎಸ್‌ಗೆ ಚಾಲನೆ ಕೊಟ್ಟರು. ಮೊದಲಿಗೆ 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು. ದೇಶಮುಖ್ ಸಮಿತಿಯ ಒಂದು ವರ್ಷ ಇಲ್ಲಿ ವಾರ್ಷಿಕ ಶಿಬಿರ ಮತ್ತು ಬಿಡುವಿನ ಗಂಟೆಗಳಿಗೆ ಇಳಿದಿತ್ತು. ಇದನ್ನು ಸೋಲೆನ್ನಲು ನಾನು ಸಿದ್ಧನಿಲ್ಲ, ಆದರೆ ಕಾಲೇಜಿಗೆ ಹೋಗದ ಬಹುಸಂಖ್ಯಾತ ತರುಣರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ ಎಂಬುದು ನಿಜ.

ಮುಂದೆ ಕಡ್ಡಾಯದ ಮಾತು ಪದವೀಧರರ ಸುತ್ತಲೇ ತಿರುಗಿತು. 1972ರ ರಾಷ್ಟ್ರೀಯ ಸೇವಾ ಕಾಯ್ದೆ ಎಂಜಿನಿಯರ್ ಮತ್ತು ವೈದ್ಯರನ್ನು ನಾಲ್ಕು ವರ್ಷ ಮೀರದಂತೆ ಸೇವೆಗೆ ಕರೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ಕರ್ನಾಟಕದ 2012ರ ಕಾಯ್ದೆ ವೈದ್ಯ ಶಿಕ್ಷಣ ಮುಗಿಸಿದವರಿಗೆ ಒಂದು ವರ್ಷದ ಸೇವೆಯನ್ನು ವಿಧಿಸಿತು. ವೈದ್ಯರ ಸೇವಾ ಕರಾರುಗಳನ್ನು ಸುಪ್ರೀಂ ಕೋರ್ಟು 2019ರಲ್ಲಿ ಎತ್ತಿಹಿಡಿಯಿತು. ಸರ್ಕಾರದ ದುಡ್ಡಿನಲ್ಲಿ ಓದಿದವರು ಅದನ್ನು ದುಡಿದು ತೀರಿಸಲಿ ಎಂಬುದು ಈ ಬಗೆಯ ಕಟ್ಟಳೆಗಳ ಹಿಂದಿನ ತರ್ಕ. ಪೌರನೆಂಬ ಕಾರಣಕ್ಕೇ ಎಲ್ಲರೂ ಸಲ್ಲಿಸಬೇಕಾದ ಕರ್ತವ್ಯ ಎಂಬ 23(2)ರ ಕಲ್ಪನೆಗೂ ಇದಕ್ಕೂ ದೂರವಿದೆ. ಸಾಲ ತೀರಿಸುವ ಈ ಕಿರಿದಾದ ಕಡ್ಡಾಯವೂ ಹಳೆಯ ತೊಡಕಿನಲ್ಲೇ ಸಿಕ್ಕಿಕೊಂಡಿತು. ಸಾಲುಗಟ್ಟಿ ಹೊರಬರುವ ವೈದ್ಯರಿಗೆಲ್ಲ ಕೊಡಲು ಆರೋಗ್ಯ ಇಲಾಖೆಯಲ್ಲಿ ಅಷ್ಟು ಜಾಗಗಳಿರಲಿಲ್ಲ. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಖಾಲಿ ಹುದ್ದೆಗಳಿಗೆ ಬೇಕಾದಷ್ಟು ಮಂದಿಯನ್ನು ಮಾತ್ರ ಕರೆಯುವತ್ತ ಹೊರಳಿತು.